ಚಳಿಗಾಲದ ಮರಗಳ ಆಲ್ಬಂ: ಬೇಗ ಮಾಡಿಸಿಕೊಳ್ಳಿ, ಸ್ಟಾಕ್ ಇರುವವರೆಗೆ ಮಾತ್ರ

ಬೆಂಗಳೂರಿಗೆ ಚಳಿಗಾಲ ಬಂದಿದೆ ಅಂತ ಗೊತ್ತಾಗುವುದು ಥರ್ಮಾಮೀಟರಿನಿಂದ ಅಲ್ಲ. 1884ರ ಜನವರಿಯಲ್ಲಿ ಒಮ್ಮೆ 7.8 ಡಿಗ್ರಿಗೆ ಇಳಿದಿತ್ತಂತೆ, ಆ ದಾಖಲೆಯನ್ನು ಇನ್ನೂ ಯಾವ ಚಳಿಯೂ ಮುರಿದಿಲ್ಲ. ಈಗ ನಮಗೆ ಗುರುತು ಎರಡೇ. ಬೆಳಿಗ್ಗೆ ಹಾಲು ತರಲು ಹೊರಟವರ ತಲೆ ಮೇಲೆ ಮಂಕಿ ಕ್ಯಾಪ್, ಮತ್ತು ಫೋನ್ ತೆಗೆದರೆ ಸಾಕು, ಮೇಲಿಂದ ಕೆಳಗಿನವರೆಗೂ ಗುಲಾಬಿ ಬಣ್ಣದ ಮರ.

ಅದೇ, ಟಬೆಬುಯಾ. ಎಲೆಯೆಲ್ಲ ಉದುರಿಸಿಕೊಂಡು ಮೈತುಂಬ ಹೂ ಬಿಟ್ಟು ನಿಲ್ಲುತ್ತಲ್ಲ, ಅದು. ಜಯನಗರದಲ್ಲೊಂದು, ಕಬ್ಬನ್ ಪಾರ್ಕಿನಲ್ಲೊಂದು, ವೈಟ್‌ಫೀಲ್ಡ್ ಕಡೆ ಸಾಲು ಸಾಲು. ಜನರೂ ಹಾಕುತ್ತಾರೆ, ಮಂತ್ರಿಗಳೂ ಹಾಕುತ್ತಾರೆ, ಮರ ಕಡಿಯಲು ಟೆಂಡರ್ ಕರೆಯುವ ಇಲಾಖೆಯ ಖಾತೆಯಲ್ಲೂ 'ನಮ್ಮ ಹೆಮ್ಮೆಯ ಉದ್ಯಾನನಗರಿ' ಅಂತ ಮೂರು ಗುಲಾಬಿ ಹೃದಯದ ಜೊತೆ ಬರುತ್ತದೆ. ಕೆಳಗೆ ಯಾರಾದರೂ ಒಬ್ಬರು 'ಚೆರ್ರಿ ಬ್ಲಾಸಂ ನೋಡೋಕೆ ಜಪಾನಿಗೆ ಯಾಕ್ ಹೋಗ್ಬೇಕು' ಅಂತ ಬರೆಯಲೇಬೇಕು. ಪಾಪದ ಮರ, ಅದರ ತವರು ಮಧ್ಯ ಅಮೆರಿಕ, ಎಲ್ ಸಾಲ್ವಡಾರ್ ಅನ್ನೋ ದೇಶಕ್ಕೆ ಅದೇ ರಾಷ್ಟ್ರವೃಕ್ಷ. ಜಪಾನಿಗೂ ಅದಕ್ಕೂ ಏನೂ ಸಂಬಂಧ ಇಲ್ಲ. ಆದರೆ ಲೈಕ್ ಬಂದ ಮೇಲೆ ಯಾವ ದೇಶದ್ದಾದರೇನು.

ಇಷ್ಟೊಂದು ಪ್ರೀತಿ ಇರುವ ಊರಿನಲ್ಲಿ ಫೋಟೋ ಬರೀ ಫೋನಿನಲ್ಲಿ ಉಳಿದರೆ ಹೇಗೆ? ಅದಕ್ಕೇ ನನ್ನ ಸಲಹೆ ಏನಪ್ಪಾ ಅಂದ್ರೆ, ಪ್ರತಿ ಮನೆಯಲ್ಲೂ ಒಂದು ಚಳಿಗಾಲದ ಮರಗಳ ಆಲ್ಬಂ ಇರಲಿ. ಮದುವೆ ಆಲ್ಬಂ ಪಕ್ಕದಲ್ಲೇ ಇಡಿ. ಮುಂದೆ ಮೊಮ್ಮಕ್ಕಳು 'ತಾತ, ಇದು ಯಾರು' ಅಂತ ಕೇಳಿದಾಗ 'ಇದು ಹೊಂಗೆ ಮರ ಕಂದಾ, ನಮ್ಮ ಬೀದಿಯಲ್ಲೇ ಇದ್ರು' ಅನ್ನಬಹುದು.

ಹೊರಡುವ ಮುಂಚೆ ಕ್ರಾಪ್ ಮಾಡುವುದನ್ನು ಚೆನ್ನಾಗಿ ಕಲಿತಿರಿ. ಕ್ಯಾಮೆರಾ ಎಷ್ಟು ಲಕ್ಷದ್ದು ಅನ್ನುವುದು ಆಮೇಲೆ. ಒಂದು ಮಾಮೂಲಿ ಬಡಾವಣೆಯ ಮಾಮೂಲಿ ಹೊಂಗೆ ಮರವನ್ನೇ ತಗೊಳ್ಳಿ. ಬುಡದಲ್ಲಿ ಫುಟ್‌ಪಾತಿನ ಟೈಲ್ಸ್ ಕಾಂಡಕ್ಕೆ ಒತ್ತಿಕೊಂಡು ಬಂದಿರುತ್ತದೆ, ಒಂದು ಹನಿ ನೀರು ಒಳಗೆ ಇಳಿಯಬಾರದು ಅಂತ ಸಿಮೆಂಟು ಬೇರೆ ಮೆತ್ತಿರುತ್ತಾರೆ. ಅದನ್ನು ಕ್ರಾಪ್ ಮಾಡಿ. ಸೊಂಟದ ಎತ್ತರದಲ್ಲಿ ಮೊಳೆ ಹೊಡೆದ ತಗಡಿನ ಬೋರ್ಡುಗಳು: ಪಿಜಿ ಫಾರ್ ಜೆಂಟ್ಸ್, ಸಂಪ್ ಕ್ಲೀನಿಂಗ್, ಆಪರೇಷನ್ ಇಲ್ಲದೆ ಮೂಲವ್ಯಾಧಿ ಗುಣ. ಕ್ರಾಪ್. ಅದರ ಮೇಲೆ ಇಂಟರ್‌ನೆಟ್ಟಿನವರು ಸುತ್ತಿ ನೇತುಹಾಕಿದ ಕರಿ ಕೇಬಲ್ ಸುರುಳಿ, ಬಿಚ್ಚಿದರೆ ತುಮಕೂರಿನವರೆಗೂ ಮುಟ್ಟಬಹುದು. ಅದೂ ಕ್ರಾಪ್. ಪಕ್ಕದಲ್ಲಿ ಹೋಟೆಲ್ ಇದ್ದರೆ ಕೊಂಬೆ ಕೊಂಬೆಗೂ ಸೀರಿಯಲ್ ಸೆಟ್ ಸುತ್ತಿರುತ್ತಾರೆ, ದೀಪಾವಳಿಗೆ ಹಾಕಿದ್ದು, ಯುಗಾದಿಗೂ ಉರಿಯುತ್ತಿರುತ್ತದೆ, ಹಕ್ಕಿ ಎಲ್ಲಿ ಮಲಗಬೇಕೋ ದೇವರಿಗೇ ಗೊತ್ತು. ದೇವರು ಅಂದ ಮೇಲೆ ನೆನಪಾಯಿತು, ಅಶ್ವತ್ಥ ಮರವಾದರೆ ಬುಡದಲ್ಲಿ ಗಾಜು ಒಡೆದ ಫ್ರೇಮಿನ ಲಕ್ಷ್ಮಿ, ಗೆದ್ದಲು ಹತ್ತಿದ ವೆಂಕಟರಮಣ, ಹಳೇ ಕ್ಯಾಲೆಂಡರಿನ ಸುಬ್ರಹ್ಮಣ್ಯ ಎಲ್ಲರೂ ಸಾಲಾಗಿ ಒರಗಿ ಕೂತಿರುತ್ತಾರೆ. ಮನೆಯಲ್ಲಿ ಇಟ್ಟುಕೊಳ್ಳೋ ಹಾಗಿಲ್ಲ, ಕಸದ ಗಾಡಿಗೆ ಹಾಕೋಕೆ ಭಯ, ಮರ ಇದೆಯಲ್ಲ.

ಇಷ್ಟೆಲ್ಲ ಕತ್ತರಿಸಿದ ಮೇಲೆ ಚೌಕಟ್ಟಿನಲ್ಲಿ ಉಳಿಯುವುದು ಒಂದು ರೆಂಬೆ, ನಾಲ್ಕು ಹೂವು, ಒಂದು ಚೂರು ನೀಲಿ ಆಕಾಶ. ಆ ಊರು ಬೆಂಗಳೂರೇ ಅಂತ ಯಾರೂ ಪತ್ತೆ ಹಚ್ಚಲಾರರು. ಅಂಥ ಫೋಟೋಗೇ ಜಾಸ್ತಿ ಲೈಕು.

ಆಲ್ಬಂನಲ್ಲಿ ಬರೀ ಹೂವೇ ಇದ್ದರೂ ಚೆನ್ನಾಗಿರಲ್ಲ. ಹೊರದೇಶದವರ ಚಳಿಗಾಲದ ಫೋಟೋ ಪುಸ್ತಕ ನೋಡಿದ್ದೀರಲ್ಲ, ಹಿಮ, ಕಪ್ಪು ಬಿಳುಪು, ಎಲೆ ಇಲ್ಲದ ಬೋಳು ಕೊಂಬೆ. ನಮ್ಮಲ್ಲೂ ಬೋಳು ಮರ ಇದೆ. ಬೂರುಗ ಎಲೆ ಬಿಚ್ಚಿಹಾಕಿ ಕೆಂಪು ಹೂ ಬಿಡುತ್ತದೆ, ಹಾಲುವಾಣವೂ ಹಾಗೇ. ಹೊಂಗೆ ಎಲೆಯೆಲ್ಲ ಉದುರಿಸಿ, ನೋಡನೋಡುತ್ತಿದ್ದ ಹಾಗೆ ಎಣ್ಣೆ ಹಚ್ಚಿದಂಥ ಚಿಗುರು ತರುತ್ತದೆ. ಇವೆಲ್ಲ ಪ್ರಕೃತಿ ಮಾಡುವ ಬೋಳು, ನಿಧಾನ. ಅಷ್ಟು ಪುರುಸೊತ್ತಿಲ್ಲದವರಿಗಾಗಿ ಕರೆಂಟಿನವರಿದ್ದಾರೆ. ತಂತಿಗೆ ತಾಗುತ್ತೆ ಅಂತ ಬಂದು ಅರ್ಧ ಗಂಟೆಯಲ್ಲಿ ಮರದ ನಡುನೆತ್ತಿಯನ್ನು ಸೀಳಿ, ಎರಡು ಕಡೆ ಎರಡು ಕೈ ಮಾತ್ರ ಬಿಟ್ಟು ಹೋಗುತ್ತಾರೆ. ಮರ ಕೈ ಎತ್ತಿ ಶರಣಾದ ಹಾಗೆ ನಿಂತಿರುತ್ತದೆ. ಕಪ್ಪು ಬಿಳುಪಿನಲ್ಲಿ ತುಂಬಾ ಚೆನ್ನಾಗಿ ಬರುತ್ತದೆ, ಒಂದು ಪೂರ್ತಿ ಪುಟ ಕೊಡಿ.

ಇನ್ನೊಂದು ಜಾತಿ ಇದೆ, 'ಸ್ಥಳಾಂತರಗೊಂಡ ಮರ'. ಮರ ಕಡಿದರೆ ಜನ ಬೈತಾರೆ ಅಂತ ಕಂಡುಕೊಂಡ ಉಪಾಯ. ಮೊದಲು ತಲೆ ಪೂರ್ತಿ ಬೋಳಿಸುತ್ತಾರೆ, ಆಮೇಲೆ ಬೇರು ಕತ್ತರಿಸಿ ಒಂದು ಉಂಡೆ ಮಾಡುತ್ತಾರೆ, ಕ್ರೇನಿಗೆ ಕಟ್ಟಿ, ಲಾರಿಯಲ್ಲಿ ಮಲಗಿಸಿ, ಊರಾಚೆ ಎಲ್ಲೋ ಕೆರೆ ಪಕ್ಕದಲ್ಲಿ ಹೂಳುತ್ತಾರೆ. ಕತ್ತರಿಸಿದ ತುದಿಗೆ ಗೋಣಿಚೀಲ. ಕೆಲವು ಚಿಗುರುತ್ತವೆ, ಇಲ್ಲ ಅನ್ನಲ್ಲ. ಉಳಿದವು ಚಳಿಗಾಲ, ಬೇಸಿಗೆ, ಮಳೆಗಾಲ ಮೂರರಲ್ಲೂ ಚಳಿಗಾಲದ ಮರವಾಗಿಯೇ ನಿಂತಿರುತ್ತವೆ. ಫೋಟೋಗ್ರಾಫರಿಗೆ ಇದಕ್ಕಿಂತ ಅನುಕೂಲ ಬೇಕಾ? ಯಾವ ತಿಂಗಳು ಹೋದರೂ ಸಿಗುತ್ತವೆ.

ಮುನ್ನುಡಿಗೆ ಸ್ವಲ್ಪ ಇತಿಹಾಸ ಬೇಕು, ಪುಸ್ತಕಕ್ಕೆ ತೂಕ ಬರುತ್ತದೆ. ಕ್ರುಂಬಿಗಲ್ ಅವರ ಹೆಸರು ಹಾಕಿ. ಜರ್ಮನಿಯವರು, ಲಂಡನ್ನಿನ ಕ್ಯೂ ಗಾರ್ಡನ್, ಬರೋಡಾ ಎಲ್ಲ ಸುತ್ತಿ 1908ರಲ್ಲಿ ಲಾಲ್‌ಬಾಗಿಗೆ ಬಂದವರು. ಒಂದು ಜಾತಿ ಹೂ ಮುಗಿಸುವಷ್ಟರಲ್ಲಿ ಇನ್ನೊಂದು ಶುರು ಮಾಡಬೇಕು, ವರ್ಷಪೂರ್ತಿ ಯಾವುದಾದರೂ ಬೀದಿ ಅರಳಿರಬೇಕು ಅಂತ ಲೆಕ್ಕ ಹಾಕಿ ಮರ ನೆಡಿಸಿದವರು. ಆಮೇಲೆ 1980ರ ದಶಕದಲ್ಲಿ ಅರಣ್ಯಾಧಿಕಾರಿ ನೇಗಿನಹಾಳರು ಬಂದರು. ಊರು ಬರಡಾಗುತ್ತಿದೆ ಅಂತ ಸುಮಾರು 15 ಲಕ್ಷ ಗಿಡ ನೆಡಿಸಿದರು ಅನ್ನುತ್ತಾರೆ. ಇವತ್ತು ನಾವು ಸ್ಕೂಟರ್ ನಿಲ್ಲಿಸುವ ನೆರಳಿನಲ್ಲಿ ಬಹಳಷ್ಟು ಆ ಕಾಲದ್ದೇ. ಇವರಿಬ್ಬರೂ ಹೀಗೆ ಸಾಲಾಗಿ ನೆಟ್ಟಿದ್ದೇ ರಸ್ತೆ ಅಗಲ ಮಾಡುವವರಿಗೆ ಒಳ್ಳೆಯದಾಯಿತು. ನೇರವಾಗಿ ಗೆರೆ ಎಳೆದರೆ ಮುಗೀತು.

ಕಾನೂನಿನ ಬಗ್ಗೆಯೂ ಅರ್ಧ ಪುಟ ಇರಲಿ. 1976ರಿಂದಲೇ ನಮಗೆ ಮರ ಸಂರಕ್ಷಣಾ ಕಾಯ್ದೆ ಇದೆ. ಅದರಲ್ಲಿ ವೃಕ್ಷಾಧಿಕಾರಿ ಇದ್ದಾರೆ, ವೃಕ್ಷ ಪ್ರಾಧಿಕಾರ ಇದೆ, ಇರುವ ಮರಗಳ ಗಣತಿ ಆಗಬೇಕು ಅಂತಲೂ ಇದೆ. ಗಣತಿ ಹೇಗೆ ನಡೀತು ಅಂತ ಮಾತ್ರ ಕೇಳಬೇಡಿ. ಇಷ್ಟು ವರ್ಷ ಎಳೆದಾಡಿದರೆ ಮರಗಳೇ ಕಮ್ಮಿ ಆಗುತ್ತವೆ, ಎಣಿಸೋಕೆ ಸುಲಭ, ಇದರಲ್ಲೂ ಒಂದು ಜಾಣತನ ಇರಬಹುದು. ಒಂದು ಯೋಜನೆಗೆ 50ಕ್ಕಿಂತ ಜಾಸ್ತಿ ಮರ ಹೋಗುವುದಾದರೆ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು ಅನ್ನುವ ನಿಯಮವೂ ಬಂತು. ದೊಡ್ಡ ಯೋಜನೆಯನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಒಂದೊಂದೂ 50 ದಾಟದ ಹಾಗೆ ನೋಡಿಕೊಳ್ಳುತ್ತಾರೆ ಅಂತ ಮರಪ್ರೇಮಿಗಳು ದೂರುತ್ತಲೇ ಬಂದಿದ್ದಾರೆ. ಕ್ರಾಪ್ ಮಾಡುವ ಕಲೆ ನಿಮಗೆ ಮಾತ್ರ ಬರುತ್ತೆ ಅಂದುಕೊಂಡಿದ್ದಿರಾ?

ಹಾಗಂತ ಯಾವಾಗಲೂ ಮರವೇ ಸೋಲುತ್ತದೆ ಅಂತಲ್ಲ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಸ್ಟೀಲ್ ಫ್ಲೈಓವರ್ ಕಟ್ಟುತ್ತೇವೆ, 812 ಮರ ಹೋಗುತ್ತೆ ಅಂದಾಗ ಸಾವಿರಾರು ಜನ ಭಾನುವಾರದ ನಿದ್ದೆ ಬಿಟ್ಟು ರಸ್ತೆ ಬದಿಯಲ್ಲಿ ಕೈ ಕೈ ಹಿಡಿದು ನಿಂತರು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಆ ದಾರಿಯಲ್ಲಿ ಈಗಲೂ ಹೋಗಿ ಫೋಟೋ ತೆಗೆಯಬಹುದು. ಆದರೆ ಇಂಥ ವಿಷಯ ವಿಡಂಬನೆಗೆ ಸರಿಹೋಗಲ್ಲ, ಮುಂದೆ ಹೋಗೋಣ.

ಆಲ್ಬಂ ಮಾಡಿಸಲು ಹೋದರೆ ಅಂಗಡಿಯವರಿಗೆ ಮೊದಲೇ ತಯಾರಿ ಕೊಡಬೇಕು. ನಾನು ಹೋದ ಅಂಗಡಿಯಲ್ಲಿ ಮದುವೆಯ ಕರಿಜ್ಮಾ ಆಲ್ಬಂಗಳು ಗೋಡೆ ತುಂಬಾ ಇದ್ದವು, ಒಂದೊಂದೂ ಎರಡು ಕೈಯಲ್ಲಿ ಎತ್ತಬೇಕು.

'ಫಂಕ್ಷನ್ ಯಾವ್ದು ಸರ್? ಮದುವೆನಾ, ನಾಮಕರಣನಾ?'

'ಮರದ್ದು.'

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಯಾರಾದ್ರೂ ತೀರ್ಕೊಂಡಿದ್ದಾರಾ ಸರ್' ಅಂತ ಮೆಲ್ಲಗೆ ಕೇಳಿದರು. ಇನ್ನೂ ಇಲ್ಲ ಅಂದೆ.

ಪೆನ್‌ಡ್ರೈವ್ ಹಾಕಿ ನೋಡಿದರು. ಆಕಾಶ ಮಲ್ಲಿಗೆ, ಬೂರುಗ, ಟಬೆಬುಯಾ, ಕರೆಂಟಿನವರು ಸೀಳಿದ ಹೊಂಗೆ. ಅವರ ಕಂಪ್ಯೂಟರಿನಲ್ಲಿರುವ ಡಿಸೈನೆಲ್ಲ ಜೋಡಿಗಳಿಗೆ ಮಾಡಿದ್ದು. ಮೂಲೆಯಲ್ಲಿ ಹೃದಯ, ಮೇಲೆ 'ಹ್ಯಾಪಿ ಮ್ಯಾರೀಡ್ ಲೈಫ್', ಎಡಕ್ಕೆ ವರ, ಬಲಕ್ಕೆ ವಧು. ಎಡಕ್ಕೆ ಮರ ಕೂರಿಸಿದರು. 'ಬಲಕ್ಕೆ?' ಅಂದರು. ಬಲಕ್ಕೆ ಖಾಲಿ ಬಿಡಿ, ಮುಂದಿನ ವರ್ಷ ಅದೇ ಜಾಗದಲ್ಲಿ ನಿಂತು ತೆಗೆದ ಫೋಟೋ ಹಾಕ್ತೀನಿ ಅಂದೆ. ಮರದ ತೊಗಟೆ ಮೇಲೆ ಕೆಂಪು ಬಣ್ಣದಲ್ಲಿ 37 ಅಂತ ಬರೆದಿದ್ದನ್ನು ನೋಡಿ, 'ಇದನ್ನ ಕ್ಲೀನ್ ಮಾಡ್ಬಿಡ್ಲಾ ಸರ್, ಮುಖದ ಮೇಲಿನ ಮೊಡವೆ ತೆಗೆಯೋ ಟೂಲ್ ಇದೆ' ಅಂದರು. ಬೇಡ, ಅದು ಅವರ ಸೀರಿಯಲ್ ನಂಬರ್, ಇರಲಿ ಅಂದೆ.

ಎಷ್ಟು ಕಾಪಿ ಅನ್ನುವ ಪ್ರಶ್ನೆ ಬಂತು. ಸರ್ಕಾರದ ಲೆಕ್ಕವೇ ಒಳ್ಳೆಯದು ಅನಿಸಿತು. ಒಂದು ಮರ ಕಡಿದರೆ ಹತ್ತು ಸಸಿ ನೆಡುತ್ತೇವೆ ಅನ್ನುತ್ತಾರಲ್ಲ. ನೂರು ವರ್ಷದ ಮಳೆಮರಕ್ಕೆ ಬದಲಾಗಿ ಪ್ಲಾಸ್ಟಿಕ್ ಕವರಿನಲ್ಲಿರುವ ಗೇಣುದ್ದದ ಹತ್ತು ಸಸಿ, ಅದೂ ರಿಂಗ್ ರೋಡಿನ ಆಚೆ, ನೀರು ಹಾಕುವವರು ಯಾರು ಅಂತ ಸಸಿಗೂ ಗೊತ್ತಿಲ್ಲ. ನೆರಳು ಮಾತ್ರ ಕಾಗದದಲ್ಲಿ ಹತ್ತು ಪಟ್ಟು. ಹಾಗಾಗಿ ಹತ್ತು ಕಾಪಿ ಅಂದೆ, ಪಾಸ್‌ಪೋರ್ಟ್ ಸೈಜಿನಲ್ಲಿ.

ಅಂಗಡಿಯವರು ವ್ಯಾಪಾರಸ್ಥರು, ನನ್ನ ತಮಾಷೆ ಅವರಿಗೆ ಬೇಕಾಗಿಲ್ಲ. ಕ್ಯಾಲ್ಕುಲೇಟರ್ ಒತ್ತಿ, ಪ್ಯಾಡಿಂಗ್ ಕವರ್ ಬೇರೆ, ಶೀಟಿಗೆ ಇಷ್ಟು ಅಂತ ಚೀಟಿಯಲ್ಲಿ ಬರೆದರು. ಈ ವರ್ಷ ಶೀಟು ಜಾಸ್ತಿ ಆಗಿದೆ, ಸ್ವಲ್ಪ ನೋಡಿ ಹಾಕ್ಕೊಳ್ಳಿ ಅಂತ ಚೌಕಾಸಿ ಮಾಡಿದೆ.

'ಇರ್ಲಿ ಬಿಡಿ ಸರ್' ಅಂದರು, 'ಮುಂದಿನ ವರ್ಷ ಹೆಂಗೂ ನಿಮಗೆ ಕಮ್ಮಿ ಶೀಟಲ್ಲೇ ಮುಗಿಯುತ್ತೆ.'