ಡೆಸಿಬಲ್ ಒಂದೇ ನೋಡಿ ಕೊಂಡ್ರೆ ಕೆಟ್ಟಿರಿ

ಮೊದಲ ಸಪ್ರೆಸರ್ (ಬಂದೂಕಿನ ಮೂತಿಗೆ ಹಾಕಿ ಶಬ್ದ ತಗ್ಗಿಸೋ ಕೊಳವೆ) ಕೊಳ್ಳೋರು ಡೆಸಿಬಲ್ ಪಟ್ಟಿ, ಅಂದ್ರೆ ಶಬ್ದದ ಅಳತೆ, ನೋಡಿದ್ರೆ ಸಾಕು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಟೆಕ್ಸಾಸ್‌ನಲ್ಲಿ ಕಾಡುಹಂದಿ ಬೇಟೆಗೆ ಹೋಗೋ ನಾನಂತೂ ಒಪ್ಪಲ್ಲ. ಎರಡು ಡೆಸಿಬಲ್ ಕಮ್ಮಿ ಅಂತ ಒಂಬತ್ತಿಂಚಿನ ಸ್ಟೀಲ್‌ದು ತಗೊಂಡೆ. ರೈಫಲ್ ಮೂತಿ ಪೂರಾ ಮುಂದಕ್ಕೆ ವಾಲುತ್ತೆ, ಬೇಟೆಗೆ ಕೂರೋ ಅಟ್ಟಣೆ ಬಾಗಿಲಿಗೆ ಬೇರೆ ತಗಲುತ್ತೆ! ಈಗಿರೋದು ಟೈಟಾನಿಯಂದು, ಹಗುರ. ಆದ್ರೆ ಒಂದರ ಹಿಂದೊಂದು ಗುಂಡು ಹಾರಿಸೋರಿಗೆ ಸ್ಟೀಲೇ ಸರಿ. ಟೈಟಾನಿಯಂ ಅಷ್ಟು ಕಾವು ತಡೆಯಲ್ಲ. .30 ಕ್ಯಾಲಿಬರ್ ಗುಂಡಿನ ಸಪ್ರೆಸರ್ ಅದಕ್ಕಿಂತ ಸಣ್ಣ .223 ಗುಂಡಿಗೂ ಆಗುತ್ತೆ, ಬ್ಯಾರೆಲ್ ತುದಿಯ ಥ್ರೆಡ್ (ತಿರುಪು ಸುತ್ತು) ಹೊಂದುತ್ತಾ ಅಂತ ಮಾತ್ರ ನೋಡ್ಕೊಳ್ಳಿ. ಸಪ್ರೆಸರ್ ಮೇಲಿದ್ದ 200 ಡಾಲರ್ ಕೇಂದ್ರ ತೆರಿಗೆ 2026ರ ಜನವರಿಯಿಂದ ಸೊನ್ನೆ, ಆದ್ರೆ ಫಾರ್ಮ್ 4 ಅನ್ನೋ ಸರ್ಕಾರಿ ಅರ್ಜಿ, ಬೆರಳಚ್ಚು ತಪ್ಪಿಲ್ಲ. ಹಾಂ, ಸಿನಿಮಾದ ‘ಪುಸ್’ ಶಬ್ದ ಬರುತ್ತೆ ಅಂದ್ಕೋಬೇಡಿ. ಶಬ್ದಕ್ಕಿಂತ ವೇಗವಾಗಿ ಹೋಗೋ ಗುಂಡಿನ ‘ಚಟೀರ್’ ಯಾವ ಸಪ್ರೆಸರ್‌ಗೂ ಬಗ್ಗಲ್ಲ.