ನಮ್ಮ ಕೆರೆ ಮೀನು ಏನು ತಿಂದು ಬೆಳೀತಿದೆ?

ನಾನು ಮಂಡ್ಯದೋನು, ಈಗ ಇರೋದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. ಇಲ್ಲಿ ಸಣ್ಣ ಸಣ್ಣ ಲೇಕ್‌ಗಳಲ್ಲೂ ಯಾವ ಮೀನು ಏನು ತಿಂತಿದೆ ಅಂತ ಐಸೋಟೋಪ್ (ಒಂದೇ ಧಾತುವಿನ ಹಗುರ, ಭಾರ ಪರಮಾಣುಗಳು) ಹಿಡ್ಕೊಂಡು ನೋಡ್ತಾರೆ. ಬೆನ್ನಿನ ಮಾಂಸದ ಚೂರೋ, ಕೆಲವು ಸಲ ಬರೀ ರೆಕ್ಕೆ ತುದಿನೋ ಕತ್ತರಿಸ್ಕೊಂಡು, ಒಣಗಿಸಿ, ನುಣ್ಣಗೆ ಪುಡಿ ಮಾಡಿ, ಒಂದು ಮಿಲಿಗ್ರಾಂ ಆಸುಪಾಸು ತೂಗಿ ಪುಟಾಣಿ ತವರದ ಕಪ್ಪಲ್ಲಿ ಮಡಚಿ ಮಷೀನಿಗೆ ಹಾಕ್ತಾರೆ. ಭಾರದ ನೈಟ್ರೋಜನ್, ಅಂದ್ರೆ ನೈಟ್ರೋಜನ್-15, ಆಹಾರ ಸರಪಳಿಲಿ ಒಂದೊಂದು ಮೆಟ್ಟಿಲು ಮೇಲೆ ಹೋದಂಗೂ ಸಾವಿರಕ್ಕೆ ಸುಮಾರು 3.4 ಜಾಸ್ತಿ ಆಗತ್ತೆ, ಅದ್ರಿಂದ ಯಾರು ಯಾರನ್ನ ತಿಂತಿದ್ದಾರೆ ಅಂತ ಅಂದಾಜು ಸಿಗತ್ತೆ. ಭಾರದ ಕಾರ್ಬನ್, ಕಾರ್ಬನ್-13, ಅಷ್ಟು ಬದಲಾಗಲ್ಲ, ಹಾಗಾಗಿ ಊಟದ ಮೂಲ ಎಲ್ಲಿದು ಅಂತ ಹೇಳತ್ತೆ. ಹೊಟ್ಟೆ ಕುಯ್ದು ನೋಡಿದ್ರೆ ಈಗಷ್ಟೇ ತಿಂದಿದ್ದು ಕಾಣತ್ತೆ, ಮಾಂಸದಲ್ಲಿ ವಾರಗಟ್ಟಲೆ ತಿಂಗಳುಗಟ್ಟಲೆ ತಿಂದಿದ್ದರ ಲೆಕ್ಕ ಇರತ್ತೆ. ಕೆನಡಾದ ಲೇಕ್‌ಗಳಿಗೆ ಹೊರಗಿನ ಬಾಸ್ ಮೀನು ನುಗ್ಗಿದ್ಮೇಲೆ ಅಲ್ಲಿನ ಟ್ರೌಟ್ ಸಣ್ಣ ಮೀನು ಸಿಗದೆ ಪ್ಲಾಂಕ್ಟನ್ (ನೀರಲ್ಲಿ ತೇಲೋ ಪುಟಾಣಿ ಜೀವಿಗಳು) ಕಡೆ ತಿರುಗಿತ್ತು ಅಂತ 1999ರಲ್ಲಿ ತೋರಿಸಿದ್ದು ಹಿಂಗೇನೆ.

ನಮ್ಮಲ್ಲಿ? ಕೆರೆ ಹರಾಜು ಹಾಕ್ತಾರೆ, ಕಾಟ್ಲಾ ರೋಹು ಮರಿ ಬಿಡ್ತಾರೆ, ಬಲೆಗೆ ಬಂದಿದ್ದನ್ನ ತೂಕ ಹಾಕ್ತಾರೆ, ಮುಗೀತು. ಜಿಲೇಬಿ ಮೀನು (ತಿಲಾಪಿಯಾ) ತುಂಬ್ಕೊಂಡಿರೋ ಕೆರೆಲಿ ರೋಹು ಪಾಲಿನ ಊಟ ಯಾರ ಹೊಟ್ಟೆಗೆ ಹೋಗ್ತಿದೆ ಅಂತ ಯಾರೂ ಕೇಳಲ್ಲ, ಇದು ನಂಗೆ ನಿಜವಾಗ್ಲೂ ಬೇಜಾರು.

ಇನ್ನೊಂದು ವಿಷ್ಯ, ಈ ಪರೀಕ್ಷೆಗೆ ಮಂಡ್ಯ ಹೇಳಿ ಮಾಡಿಸಿದಂಥ ಜಾಗ. ಕಬ್ಬು, ರಾಗಿ, ಜೋಳದ ಕಾರ್ಬನ್-13 ನಂಬರ್ (ಒಂದು ಗೊತ್ತಾದ ಅಳತೆಗಿಂತ ಸಾವಿರಕ್ಕೆ ಎಷ್ಟು ಕಮ್ಮಿ ಅನ್ನೋದು) ಮೈನಸ್ 12 ಆಸುಪಾಸು, ಭತ್ತದ್ದು ಮೈನಸ್ 27ರ ಹತ್ರ. ಒಂದೇ ನಾಲೆ ಕೆಳಗೆ ಎರಡೂ ಬೆಳೆ. ಗದ್ದೆಯಿಂದ ಕೊಚ್ಕೊಂಡು ಬಂದ ಕಬ್ಬಿನ ತರಗು ಮೀನಿನ ಮೈಗೆ ಸೇರ್ತಿದ್ಯಾ, ದಡದಲ್ಲಿ ಹಾಕೋ ಅಕ್ಕಿ ತೌಡು ಸೇರ್ತಿದ್ಯಾ ಅಂತ ನೋಡಬಹುದು, ಆದ್ರೆ ಕೆರೆ ಪಾಚಿ ನಂಬರ್ ಇವೆರಡರ ಮಧ್ಯೆ ಎಲ್ಲಾದ್ರೂ ಬೀಳಬಹುದು ಅದಕ್ಕೆ ಅದನ್ನೂ ಅಳೀಲೇಬೇಕು.

ಅಮೆರಿಕದ ಲೆಕ್ಕಾನ ಹಂಗೇ ಎತ್ಕೊಂಡು ಹೋಗಿ ಮಂಡ್ಯದಲ್ಲಿ ಕೂರಿಸಿದ್ರೆ ಕೆಡತ್ತೆ. ಚರಂಡಿ ನೀರು ಬೀಳೋ ಕೆರೆಲಿ ನೈಟ್ರೋಜನ್-15 ಸರಪಳಿಯ ಬುಡದಲ್ಲೇ, ಅಂದ್ರೆ ಪಾಚಿಲೇ ಏರಿರತ್ತೆ, ಪಾಚಿ ತಿನ್ನೋ ಮೀನೂ ಬೇಟೆ ಮೀನಿನ ತರ ಕಾಣತ್ತೆ. ಅದಕ್ಕೇ ಬುಡದ ನಂಬರ್ ಗೊತ್ತಾಗೋಕೆ ಅದೇ ಕೆರೆ ಬಸವನಹುಳ, ಕಪ್ಪೆಚಿಪ್ಪು ಮೊದ್ಲು ಅಳೀಬೇಕು, ನಾಲೆಗೆ ನೀರು ಬಿಟ್ಟಾಗ ಒಂದ್ಸಲ, ಬೇಸಿಗೇಲಿ ಇಳಿದಾಗ ಇನ್ನೊಂದ್ಸಲ. ಐಸೋಟೋಪ್ ಲ್ಯಾಬ್ ಬೆಂಗಳೂರಿನ ಐಐಎಸ್‌ಸಿಲೇ ಇದೆ, ಯಾವ ಮೀನು ಯಾವ ಮೂಲೇಲಿ ಸಿಗತ್ತೆ ಅಂತ ಬಲೆ ಬೀಸೋರಿಗೆ ಗೊತ್ತು. ಮುಂದಿನ ಸಲ ಮರಿ ಬಿಡೋಕೆ ಮುಂಚೆ ಒಂದೇ ಒಂದು ಕೆರೆಲಾದ್ರೂ ಇದನ್ನ ಮಾಡ್ಲಿ.