ಎರಡು ಗಿಟಾರು, ಇಬ್ಬರು ಟರ್ನರು

ವಿಶ್‌ಬೋನ್ ಆ್ಯಶ್ ಎಂಬ ಬ್ರಿಟಿಷ್ ರಾಕ್ ತಂಡದ ಅಭಿಮಾನಿಗೆ ಹಾಡು ಕೇಳುವುದಕ್ಕಿಂತ ಹೆಚ್ಚು ಹೊತ್ತು ವಿವರಣೆ ಕೊಡುವುದರಲ್ಲೇ ಕಳೆದುಹೋಗುತ್ತದೆ. ಡೀಪ್ ಪರ್ಪಲ್ ಎಂದರೆ ತಲೆದೂಗುವ, ಲೆಡ್ ಜೆಪೆಲಿನ್ ಎಂದರೆ ಕಣ್ಣರಳಿಸುವ ನನ್ನ ಓರಗೆಯವರು ಈ ಹೆಸರು ಕೇಳಿದೊಡನೆ ‘ಯಾರು?’ ಎಂದು ಒಮ್ಮೆ, ‘ಸ್ಪೆಲ್ಲಿಂಗ್ ಹೇಳು’ ಎಂದು ಇನ್ನೊಮ್ಮೆ ಕೇಳಿ, ಉತ್ತರ ಬರುವಷ್ಟರಲ್ಲಿ ಕ್ರಿಕೆಟ್ಟಿನತ್ತ ಹೊರಳಿರುತ್ತಾರೆ.

ಈ ತಂಡದ ಜಾತಕದಲ್ಲಿಯೇ ಎಲ್ಲವೂ ಎರಡೆರಡು. 1969ರಲ್ಲಿ ಬೇಸ್ ಗಿಟಾರಿನ ಮಾರ್ಟಿನ್ ಟರ್ನರ್ ಮತ್ತು ಡ್ರಮ್ಸಿನ ಸ್ಟೀವ್ ಅಪ್ಟನ್ ಒಬ್ಬ ಗಿಟಾರ್ ವಾದಕನಿಗಾಗಿ ಹುಡುಕಾಡಿದಾಗ ಕೊನೆಗೆ ಉಳಿದವರು ಆ್ಯಂಡಿ ಪವೆಲ್ ಮತ್ತು ಟೆಡ್ ಟರ್ನರ್. ಇಬ್ಬರಲ್ಲಿ ಯಾರನ್ನು ಬಿಡುವುದೆಂದು ತೀರ್ಮಾನಿಸಲಾಗದೆ ಇಬ್ಬರನ್ನೂ ಸೇರಿಸಿಕೊಂಡರು. ಜೋಡಿ ಗಿಟಾರಿನ ಆ ಶೈಲಿ ಮುಂದೆ ಥಿನ್ ಲಿಜ್ಜಿ, ಐರನ್ ಮೇಡನ್‌ನಂಥ ತಂಡಗಳಿಗೆ ದಾರಿಯಾಯಿತು ಎಂಬುದನ್ನು ನೆನೆದರೆ, ತೀರ್ಮಾನ ತೆಗೆದುಕೊಳ್ಳಲಾಗದವರ ಬಗ್ಗೆ ನನಗೆ ಗೌರವ ಹೆಚ್ಚಾಗುತ್ತದೆ. ಟರ್ನರುಗಳೂ ಇಬ್ಬರು, ಆದರೆ ಅವರಿಗೆ ಯಾವ ನೆಂಟಸ್ತಿಕೆಯೂ ಇಲ್ಲ. ಇದನ್ನು ನಾನು ಎಷ್ಟು ಜನರಿಗೆ ಬಿಡಿಸಿ ಹೇಳಿದ್ದೇನೆಂದರೆ, ಇದ್ದಿದ್ದರೇ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ. ಕೊನೆಗೆ ಹೆಸರನ್ನಾದರೂ ನೆಟ್ಟಗೆ ಇಟ್ಟರೇ ಎಂದರೆ, ಅದೂ ಎರಡು ಹಾಳೆಗಳಲ್ಲಿ ಬರೆದಿದ್ದ ಎರಡು ಪಟ್ಟಿಗಳಿಂದ ಒಂದೊಂದು ಪದ ಹೆಕ್ಕಿ ಜೋಡಿಸಿದ್ದು.

ಅವರ ಅತ್ಯುತ್ತಮ ಕೃತಿಯಾದ ‘ಆರ್ಗಸ್’ ಬಂದದ್ದು 1972ರಲ್ಲಿ. ಬ್ರಿಟನ್ನಿನ ಆಲ್ಬಂ ಮಾರಾಟದ ಪಟ್ಟಿಯಲ್ಲಿ ಅದು ಮೂರನೆಯ ಸ್ಥಾನದವರೆಗೆ ಏರಿತ್ತು. ನನಗೆ ಅದು ಸಿಕ್ಕಿದ್ದು ಎಂಬತ್ತರ ದಶಕದ ಬೆಂಗಳೂರಿನಲ್ಲಿ, ಖಾಲಿ ಕ್ಯಾಸೆಟ್ ಕೊಟ್ಟರೆ ಹಾಡು ತುಂಬಿಸಿಕೊಡುವ ಅಂಗಡಿಯೊಂದರಲ್ಲಿ. ‘ಆರ್ಗಸ್’ ರೆಕಾರ್ಡಿನ ಒಂದು ಬದಿ ಸುಮಾರು 22 ನಿಮಿಷ, ನಾನು ಕೊಟ್ಟದ್ದು ಬದಿಗೆ 30 ನಿಮಿಷದ ಸಿ-60 ಕ್ಯಾಸೆಟ್. ಉಳಿದ ಎಂಟು ನಿಮಿಷದ ಟೇಪನ್ನು ಸುಮ್ಮನೆ ಓಡಲು ಬಿಡುವುದು ಅಂಗಡಿಯವರ ಮನಸ್ಸಿಗೆ ಒಗ್ಗಲಿಲ್ಲವಾಗಿ, ‘ಖಾಲಿ ಬಿಟ್ರೆ ಗಿರಾಕಿಗಳು ಬಯ್ತಾರೆ ಸಾರ್’ ಎನ್ನುತ್ತ, ಕೇಳದಿದ್ದರೂ ಡಾ. ರಾಜ್‌ಕುಮಾರರ ಎರಡು ಗೀತೆಗಳನ್ನು ತುಂಬಿಸಿದ್ದರು. ಹೀಗಾಗಿ ಮೊದಲ ಬದಿಯ ಕೊನೆಯ ಹಾಡಾದ ‘ಬ್ಲೋಯಿಂಗ್ ಫ್ರೀ’ಯಲ್ಲಿ ಗಿಟಾರುಗಳು ತಣಿದೊಡನೆ ಅಣ್ಣಾವ್ರು ಹಾಡಲಾರಂಭಿಸುವುದು ನನ್ನ ಪಾಲಿಗೆ ಪ್ರಕೃತಿನಿಯಮವೇ ಆಗಿಬಿಟ್ಟಿತು. ಹಾಸ್ಟೆಲ್ಲಿನ ಸಹವಾಸಿಗಳು ಆ ಎಂಟು ನಿಮಿಷಕ್ಕಾಗಿಯೇ ಉಳಿದ 22 ನಿಮಿಷವನ್ನು ಸಹಿಸಿಕೊಳ್ಳುತ್ತಿದ್ದರು ಎಂಬುದನ್ನೂ ಹೇಳಬೇಕು.

ಮುಂದೆ ಉದ್ಯೋಗ ನನ್ನನ್ನು ಇಂಗ್ಲೆಂಡಿಗೆ ತಂದು ಹಾಕಿ, ಅವರನ್ನು ಕಣ್ಣಾರೆ ನೋಡುವ ಅವಕಾಶ ಒದಗುವ ಹೊತ್ತಿಗೆ ತಂಡವೇ ಎರಡಾಗಿತ್ತು. 1969ರಿಂದ ಒಮ್ಮೆಯೂ ಬಿಟ್ಟುಹೋಗದ ಆ್ಯಂಡಿ ಪವೆಲ್ಲರದು ಒಂದು ವಿಶ್‌ಬೋನ್ ಆ್ಯಶ್. ಹಳೆಯ ಹಾಡುಗಳನ್ನು ಹಾಡಿದ್ದ ಮಾರ್ಟಿನ್ ಟರ್ನರರದು ತಮ್ಮ ಹೆಸರನ್ನು ಮುಂದಿಟ್ಟುಕೊಂಡ ಇನ್ನೊಂದು ವಿಶ್‌ಬೋನ್ ಆ್ಯಶ್. 2008ರಲ್ಲಂತೂ ಒಬ್ಬರು ‘ಆರ್ಗಸ್’ ಅನ್ನು ವೇದಿಕೆಯಲ್ಲಿ ನುಡಿಸಿ ಸಿ.ಡಿ. ತಂದರೆ, ಇನ್ನೊಬ್ಬರು ಸ್ಟುಡಿಯೋದಲ್ಲಿ ಅದನ್ನೇ ಹೊಸದಾಗಿ ಧ್ವನಿಮುದ್ರಿಸಿ ತಂದರು. ನನ್ನ ಗೆಳೆಯ ಟರ್ನರ್ ಪಕ್ಷ, ಗಿಟಾರಿಗಾಗಿಯೇ ಮನಸೋತ ನಾನು ಪವೆಲ್ ಪಕ್ಷ. ತಿಂಗಳುಗಟ್ಟಲೆ ವಾದಿಸಿದ ಮೇಲೆ, ಟಿಕೆಟ್ಟಿನ ಹಣ ನನ್ನದೇ ಎಂಬ ಕಾರಣಕ್ಕೆ ಪವೆಲ್ ಪಕ್ಷ ಗೆದ್ದಿತು.

ಸಭಾಂಗಣ ಸಣ್ಣ ಊರಿನದು. ಪ್ರೇಕ್ಷಕರಲ್ಲಿ ಬಹುಪಾಲು ಅರವತ್ತು ದಾಟಿದ ಗಂಡಸರು. ರಾಕ್ ಕಛೇರಿಯೆಂದರೆ ನೂಕುನುಗ್ಗಲೆಂದು ಹೆದರಿ ಸೀರೆಯ ಬದಲು ಚೂಡಿದಾರ ತೊಟ್ಟು ಬಂದಿದ್ದ ನನ್ನ ಹೆಂಡತಿಗೆ ಪಕ್ಕದ ಹಿರಿಯರು ಎದ್ದು ದಾರಿ ಬಿಟ್ಟು, ತಮ್ಮ ಮಂಡಿಯ ಶಸ್ತ್ರಚಿಕಿತ್ಸೆಯ ವಿವರವನ್ನೂ ಕೊಟ್ಟರು. ಬಾಗಿಲಲ್ಲಿ ಪುಕ್ಕಟೆಯಾಗಿ ಹಂಚುತ್ತಿದ್ದ, ಕಿವಿಗಿಟ್ಟುಕೊಳ್ಳುವ ಹಳದಿ ಸ್ಪಂಜಿನ ತುಂಡುಗಳನ್ನು ಪೆಪ್ಪರಮಿಂಟೆಂದು ಭಾವಿಸಿದ ಗೆಳೆಯ ಒಂದನ್ನು ಬಾಯಿಗೆ ಹಾಕಿಕೊಂಡು, ಮರ್ಯಾದೆಗೆ ಅಂಜಿ ಮೊದಲ ಹಾಡು ಮುಗಿಯುವವರೆಗೂ ಉಗುಳದೆ ಕುಳಿತಿದ್ದ.

ಪವೆಲ್ಲರು ತಮ್ಮ ವಿ ಆಕಾರದ ಗಿಟಾರನ್ನೂ ಫಿನ್‌ಲೆಂಡಿನ ಮಡ್ಡಿ ಮ್ಯಾನಿನೆನ್ ತಮ್ಮ ಗಿಟಾರನ್ನೂ ಒಟ್ಟಿಗೆ ಮಿಡಿದಾಗ, ಇಷ್ಟು ವರ್ಷ ಕಾದದ್ದು ಸಾರ್ಥಕವೆನಿಸಿ ನಾನು ಕಣ್ಣು ಮುಚ್ಚಿದೆ. ಅಷ್ಟರಲ್ಲಿ, ಮೈಸೂರಿನ ನಾಗರಾಜ್–ಮಂಜುನಾಥ್ ಸಹೋದರರ ಜೋಡಿ ವಯಲಿನ್ ಕೇಳುತ್ತ ಬೆಳೆದ ಹೆಂಡತಿ ನನ್ನ ಮೊಣಕೈ ತಿವಿದು, ‘ರೀ, ಇಬ್ಬರೂ ಬೇರೆ ಬೇರೆ ಸ್ವರ ನುಡಿಸ್ತಿದ್ದಾರೆ. ತಪ್ಪು ಯಾರದು?’ ಎಂದಳು. ಒಬ್ಬರು ಷಡ್ಜದಲ್ಲಿದ್ದರೆ ಇನ್ನೊಬ್ಬರು ಬೇಕೆಂದೇ ಗಾಂಧಾರದಲ್ಲಿರುತ್ತಾರೆ, ಈ ತಂಡದ ಹೆಚ್ಚುಗಾರಿಕೆಯೇ ಅದು ಎಂದು ನಾನು ಆ ಅಬ್ಬರದ ನಡುವೆ ಕಿರುಚಿ ತಿಳಿಸಿದೆ. ‘ಅದಕ್ಕೇ ಬೇರೆಯಾದರೇನೋ’ ಎಂದು ಆಕೆ ತನ್ನಷ್ಟಕ್ಕೆ ತೀರ್ಪು ಕೊಟ್ಟುಕೊಂಡಳು. ‘ಬ್ಲೋಯಿಂಗ್ ಫ್ರೀ’ ಮುಗಿದು ಸಭಾಂಗಣವೆಲ್ಲ ಚಪ್ಪಾಳೆ ತಟ್ಟುತ್ತಿದ್ದಾಗ ನನ್ನ ತಲೆಯೊಳಗೆ ಅಣ್ಣಾವ್ರು ಶುರುವಾದರು. ಮುಂದಿನ ಹಾಡು ಅರ್ಧವಾಗುವವರೆಗೂ ನಿಲ್ಲಲಿಲ್ಲ.

2013ರಲ್ಲಿ ಆ ಹೆಸರಿನ ಹಕ್ಕು ಪವೆಲ್ಲರದೇ ಎಂದು ನ್ಯಾಯಾಲಯ ಹೇಳಿದ ಮೇಲೆ ಟರ್ನರ್ ತಮ್ಮನ್ನು ‘ಮಾಜಿ ವಿಶ್‌ಬೋನ್ ಆ್ಯಶ್’ ಎಂದು ಕರೆದುಕೊಂಡು ಕಛೇರಿ ಮುಂದುವರಿಸಿದರು. ಗೆಳೆಯ ಉರಿದುಬಿದ್ದು, ಸೇಡಿಗೆಂಬಂತೆ ಈ ಸಲ ತನ್ನದೇ ಹಣದಲ್ಲಿ ಅವರ ಕಛೇರಿಗೆ ಮೂವರಿಗೂ ಟಿಕೆಟ್ ಕೊಂಡು ತಂದ. ಹೆಂಡತಿ ಅದರ ಮೇಲಿನ ಅಕ್ಷರಗಳನ್ನು ಎರಡು ಸಲ ಓದಿ, ‘ನಮ್ಮೂರಲ್ಲಿ ಜೀಪಿನ ಮೇಲೆ ಮಾಜಿ ಅಧ್ಯಕ್ಷರು ಅಂತ ಬರೆಸಿಕೊಂಡು ಓಡಾಡ್ತಾರಲ್ಲ, ಹಾಗಾ?’ ಎಂದು ಕೇಳಿದಳು. ಗೆಳೆಯ ಆಮೇಲೆ ನಮ್ಮ ಮನೆಯಲ್ಲಿ ಕಾಫಿ ಕುಡಿಯದೆ ಎದ್ದುಹೋದ. ಟಿಕೆಟ್ಟುಗಳನ್ನು ಮಾತ್ರ ಬಿಟ್ಟುಹೋದ.